ಅವ್ವ ಯಾಕೆ ನೀರು ಕುಡಿಯಲಿಲ್ಲ

ಗಾಡಿಯ ಡಿಕ್ಕಿಯಲ್ಲಿ ಹನ್ನೆರಡು ಲೀಟರ್ ನೀರಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕತೆ ಕೇಳಿದವರೆಲ್ಲ ಮೊದಲು ಕೇಳುವುದು ಅದನ್ನೇ: "ನೀರ್ ಒಯ್ದಿದ್ದಿಲ್ಲೇನು?" ಒಯ್ದಿದ್ದೆವು. ಜೊತೆಗೆ ಥರ್ಮಾಸ್ ತುಂಬ ಮಜ್ಜಿಗೆ, ಒಂದು ಚೀಲ ಸೌತೆಕಾಯಿ, ಎರಡು ಕಲ್ಲಂಗಡಿ. ಅಷ್ಟೆಲ್ಲ ಇದ್ದೂ ಪಟ್ಟದಕಲ್ಲಿನಲ್ಲಿ ಮಧ್ಯಾಹ್ನ ಒಂದೂವರೆಗೆ ನನ್ನ ಅವ್ವ ತಲೆ ತಿರುಗಿ ಕುಸಿದು ಕೂತಳು. ಮೈಯಲ್ಲಿ ನೀರಿರಲಿಲ್ಲ.

ಎರಡು ವರ್ಷದ ಹಿಂದಿನ ಮೇ ತಿಂಗಳು. ಬೆಂಗಳೂರಿನಿಂದ ತಂಗಿ ಮಗನನ್ನು ಕರೆದುಕೊಂಡು ರಜೆಗೆ ಬಂದಿದ್ದಳು. ವಿಜಯಪುರದಲ್ಲಿ ಗೋಲಗುಮ್ಮಟ, ಇಬ್ರಾಹಿಂ ರೋಜಾ ಎಲ್ಲ ನೋಡಿ ಮುಗಿದಿತ್ತು. ಬಾದಾಮಿ, ಪಟ್ಟದಕಲ್ಲು ತೋರಿಸಿಕೊಂಡು ಬರೋಣ ಅಂತ ನಾನೇ ಎಬ್ಬಿಸಿದ್ದು. ತಂಗಿ "ಅಣ್ಣಾ, ಬಿಸಲ ಭಾಳ ಐತಿ" ಅಂದಳು. ನಾನು ನಕ್ಕೆ.

ಈ ನಗು ನಮ್ಮ ಊರಿನ ರೋಗ. ನಮಗೆ ಬಿಸಿಲಿನ ಬಗ್ಗೆ ಒಂದು ಜಂಬ ಇದೆ. ಬೆಂಗಳೂರಿನವರು 35 ಡಿಗ್ರಿಗೇ ಅಯ್ಯೋ ಅಂದರೆ ನಮಗೆ ಒಳಗೊಳಗೇ ಖುಷಿ. "ನಾವ್ ಬಿಸಲಾಗ ಹುಟ್ಟಿದವ್ರು" ಅಂತ ಹೇಳಿಕೊಳ್ಳುವುದು ಬೇರೆ. ಇರಲಿ, ಏಪ್ರಿಲ್ ಮೇ ಬಂತೆಂದರೆ ವಿಜಯಪುರ, ಬಾಗಲಕೋಟೆ ಮತ್ತು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬದಲಿಸುತ್ತಾರೆ, ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಲ್ಲಿ ಹುಟ್ಟಿದ ಗುಮಾಸ್ತರನ್ನೇ ಮಧ್ಯಾಹ್ನ ಮನೆಗೆ ಕಳಿಸುತ್ತಾರೆ ಅಂದಮೇಲೆ, ಅದೇ ಹೊತ್ತಿಗೆ 68 ವರ್ಷದ ಅವ್ವನನ್ನು ಕಲ್ಲಿನ ಮೆಟ್ಟಿಲು ಹತ್ತಿಸಲು ಹೊರಟಿದ್ದ ನಾನು ಎಂಥ ಶಾಣ್ಯಾ ಇರಬೇಕು, ನೀವೇ ಯೋಚಿಸಿ.

ಬೆಳಗ್ಗೆ ಐದಕ್ಕೆ ಹೊರಡುವ ಯೋಜನೆ. ಹೊರಟಿದ್ದು ಎಂಟೂವರೆಗೆ. ಬುತ್ತಿ ಕಟ್ಟುವುದು, ಅಳಿಯನ ಟೋಪಿ ಹುಡುಕುವುದು, ಅಷ್ಟರಲ್ಲಿ ಯಾರೋ ಮನೆಗೆ ಬಂದರು, ಅವರಿಗೆ ಚಹಾ. ಎಲ್ಲರ ಮನೆಯಲ್ಲೂ ಇದ್ದದ್ದೇ. ಕೊಲ್ಹಾರದ ಹತ್ತಿರ ಕೃಷ್ಣೆಯ ಸೇತುವೆ ದಾಟುವಾಗಲೇ ಗಾಳಿ ಬಿಸಿಯಾಗಿತ್ತು. ನಡುವೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ಅಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿ ಯಾರ ಹತ್ತಿರ ಇದೆ ಅಂತ ಅಲ್ಲಿದ್ದ ಹುಡುಗನಿಗೆ ಗೊತ್ತಿರಲಿಲ್ಲ. ಸರಿ, ಮುಂದೆ ನೋಡೋಣ ಅಂತ ಹೊರಟೆವು. ಆ ಬೀಗವನ್ನು ನಾನು ಆಗಲೇ ಮರೆತುಬಿಟ್ಟೆ. ಅವ್ವ ಮರೆತಿರಲಿಲ್ಲ.

ಬಾದಾಮಿ ಮುಟ್ಟಿದಾಗ ಹನ್ನೊಂದೂಕಾಲು. ಗುಹೆಯ ಒಳಗೆ ತಂಪು. ಮೂರನೇ ಗುಹೆಯಲ್ಲಿ ನಿಂತು ನಾನು ಮಕ್ಕಳಿಗೆ ಚಾಲುಕ್ಯರ ಮಂಗಳೇಶನ ಶಾಸನದ ಬಗ್ಗೆ ಹೇಳುತ್ತಿದ್ದೆ, ಕ್ರಿ.ಶ. 578ರದ್ದು, ಅಂದರೆ ಸಾವಿರದ ನಾನೂರು ವರ್ಷದ ಮೇಲಾಯಿತು ಅಂತ. ನನ್ನ ಮಗಳು ಕೇಳಿದಳು, "ಇಷ್ಟ್ ಬಿಸಲಾಗ ಹೆಂಗ ಕಡದ್ರು ಪಪ್ಪಾ?" ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಅವ್ರು ಮುಂಜಾನಿ ಲಗೂನ ಏಳ್ತಿದ್ರು."

ಅದು ಆ ದಿನ ಅವ್ವ ಆಡಿದ ಕೊನೆಯ ತಮಾಷೆ ಮಾತು. ಆಮೇಲೆ ಸುಮ್ಮನಾದಳು. ನಾನು ಗಮನಿಸಲಿಲ್ಲ.

ಗುಹೆಯಿಂದ ಗುಹೆಗೆ ಹೋಗುವ ಮೆಟ್ಟಿಲು ಬಯಲಿನಲ್ಲಿವೆ. ಬಾದಾಮಿಯ ಕೆಂಪು ಕಲ್ಲು ನೋಡಲು ಚಂದ. ಆದರೆ ಬೆಳಗಿನಿಂದ ಕುಡಿದ ಬಿಸಿಯನ್ನೆಲ್ಲ ಮಧ್ಯಾಹ್ನ ವಾಪಸ್ ಉಗುಳುತ್ತದೆ. ಫೋನು 40 ಡಿಗ್ರಿ ತೋರಿಸುತ್ತಿತ್ತು. ಹವಾಮಾನ ಇಲಾಖೆ ಹೇಳುವ ತಾಪಮಾನವನ್ನು ಅಳೆಯುವುದು ನೆರಳಿನಲ್ಲಿ. ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಹೆಚ್ಚುಕಡಿಮೆ ಎದೆಯ ಎತ್ತರದಲ್ಲಿ ಥರ್ಮಾಮೀಟರ್ ಇಟ್ಟಿರುತ್ತಾರೆ. ಆ 40 ನೆರಳಲ್ಲಿ ಕೂತವನ 40. ತಲೆ ಮೇಲೆ ಸೂರ್ಯ, ಪಕ್ಕದಲ್ಲಿ ಕಾದ ಬಂಡೆ, ಕಾಲಡಿಯಲ್ಲಿ ಕಾದ ಕಲ್ಲು ಇರುವವನಿಗೆ ಆ ಲೆಕ್ಕ ಹತ್ತುವುದಿಲ್ಲ. ಮಕ್ಕಳಂತೂ ಇನ್ನೂ ಕೆಳಗಿರುತ್ತಾರೆ, ನೆಲದ ಝಳಕ್ಕೆ ಹತ್ತಿರ. ಅವರ ತೂಕಕ್ಕೆ ಹೋಲಿಸಿದರೆ ಮೈಯ ಚರ್ಮ ಜಾಸ್ತಿ, ಬೆವರು ಕಡಿಮೆ. ಹಾಗಾಗಿ ದೊಡ್ಡವರಿಗಿಂತ ಬೇಗ ಕಾಯುತ್ತಾರೆ. ನನಗೆ "ನಡೆಯುತ್ತೆ" ಅನ್ನಿಸಿದ ಹೊತ್ತಿಗೆ ಎಂಟು ವರ್ಷದ ಮಗನಿಗೆ ನಡೆಯದೇ ಹೋಗಿರಬಹುದು. ಅವನು ಕಿರಿಕಿರಿ ಮಾಡುತ್ತಿದ್ದ. ಹಟ ಅಂತ ಬೈದೆ.

ನೀರು ಕೇಳಲಿಲ್ಲವೇ? ಕೇಳಿದೆ. ಹತ್ತು ಸಲ ಕೇಳಿದ್ದೇನೆ. "ನೀರ್ ಬೇಕೇನವ್ವಾ?" "ಬ್ಯಾಡಪಾ, ಈಗರ ಕುಡದೀನಿ." ಹೆಂಡತಿಯೂ ಅದೇ, ತಂಗಿಯೂ ಅದೇ. ನಾನು, ಮಗ, ಅಳಿಯ ಮೂವರೇ ಗಟಗಟ ಕುಡಿದು ಮರದ ಮರೆಗೆ ಹೋಗಿ ಬರುತ್ತಿದ್ದೆವು. ಬೆವರೂ ಕಾಣುತ್ತಿರಲಿಲ್ಲ. ತಂಗಿ ಹೇಳಿದ್ದಳು, "ಮಂಗಳೂರಿಗೆ ಹೋದಾಗ ಅಂಗಿ ಹಿಂಡಿದ್ರ ನೀರ್ ಬರ್ತಿತ್ತು, ಇಲ್ಲಿ ಬೆವರ ಬರಂಗಿಲ್ಲ ನೋಡಣ್ಣಾ." ಬರುತ್ತದೆ. ನಮ್ಮ ಗಾಳಿ ಎಷ್ಟು ಒಣ ಅಂದರೆ ಬೆವರು ಕಾಣುವ ಮೊದಲೇ ಆರಿಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಮಣ್ಣಿನ ತತ್ರಾಣಿಯ ನೀರು ಅಷ್ಟು ತಂಪು, ಕೂಲರ್ ಅಷ್ಟು ಚಂದ ಕೆಲಸ ಮಾಡುತ್ತದೆ. ಮೈಯೂ ಒಂದು ತತ್ರಾಣಿಯೇ. ಒಸರಿ, ಆರಿ, ತಂಪಾಗುತ್ತದೆ. ಒಳಗೆ ನೀರು ತೀರುತ್ತಾ ಬಂದರೆ ಮಾತ್ರ ಹೊರಗಿನವರಿಗೆ ತಿಳಿಯುವುದಿಲ್ಲ. ಆಮೇಲೆ ಫೋಟೋ ನೋಡಿದಾಗ ಅವ್ವನ ಕುತ್ತಿಗೆಯ ಮೇಲೆ ಸುಣ್ಣದ ಗೆರೆಯಂತೆ ಉಪ್ಪು ಕಂಡಿತು.

ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್. ಅಷ್ಟರಲ್ಲಿ ಎಸಿಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಮೋಸ ಆದದ್ದು ಅಲ್ಲೇ. ಇಳಿದರೆ ಹುಲ್ಲಿನ ಬಯಲು, ಉದ್ದ ದಾರಿ, ನೆರಳು ದೂರ. ವಿರೂಪಾಕ್ಷ ಗುಡಿಯಲ್ಲಿ ಇನ್ನೂ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಮಗ ಹಾಸುಗಲ್ಲಿನ ಮೇಲೆ ಕುಣಿಯುತ್ತಾ ಓಡಿದ. ಎಲ್ಲರೂ ನಕ್ಕರು. ಅವ್ವ ಓಡಲಿಲ್ಲ, ನಗಲೂ ಇಲ್ಲ. ನಿಧಾನಕ್ಕೆ ನಡೆದು ಬಂದು, ಕಟ್ಟೆ ಹಿಡಿದುಕೊಂಡು, "ತಲಿ ಗಿರ್ ಅಂತೈತಿ" ಅಂತ ಕೂತಳು. ಮುಖ ಬಿಳಿಚಿತ್ತು. ಮೀನಖಂಡ ಹಿಡಿದುಕೊಂಡಿತ್ತು. ಕೈ ಮುಟ್ಟಿದರೆ ಅಂಟಂಟು.

ನಾನು ಮಾಡಿದ ಮೊದಲ ಕೆಲಸ ಬಿಪಿ ಗುಳಿಗೆ ಹುಡುಕಿದ್ದು. ಹೆಂಡತಿ ಗಾಳಿ ಹಾಕುತ್ತಿದ್ದಳು. ತಂಗಿ ಫೋನಿನಲ್ಲಿ ಆಸ್ಪತ್ರೆ ಹುಡುಕುತ್ತಿದ್ದಳು. ಕೆಲಸಕ್ಕೆ ಬಂದದ್ದು ಬುಟ್ಟಿಯಲ್ಲಿ ರೊಟ್ಟಿ, ಕುಡಿಕೆಯಲ್ಲಿ ಗಟ್ಟಿ ಮೊಸರು ಮಾರುತ್ತಿದ್ದ ಒಬ್ಬ ಹೆಂಗಸು. ನಮ್ಮನ್ನೆಲ್ಲ ಸರಿಸಿ ಅವ್ವನನ್ನು ಬೇವಿನ ಗಿಡದ ಕೆಳಗೆ ಮಲಗಿಸಿದಳು. ಕಾಲು ಎತ್ತಿ ಚೀಲದ ಮೇಲಿಟ್ಟಳು. ನಮ್ಮ ಕ್ಯಾನಿನ ನೀರು ತಗೊಂಡು ಸೆರಗು, ಕುತ್ತಿಗೆ, ತೋಳು ಎಲ್ಲ ತೋಯಿಸಿದಳು. "ಈಗ ಹಾಕ್ರಿ ಗಾಳಿ" ಅಂದಳು. ಒಣ ಮೈಗೆ ಬಿಸಿಗಾಳಿ ಬೀಸುತ್ತಿದ್ದೆವು ನಾವು! ಆಮೇಲೆ ಬಗ್ಗಿ, ಮೆಲ್ಲಗೆ, ಅವ್ವನ ಕಿವಿಯಲ್ಲಿ ಕೇಳಿದಳು:

"ಯಕ್ಕಾ, ಒಂದಕ್ಕ ಯಾವಾಗ ಹೋಗಿದ್ದಿ?"

ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಮನ್ಯಾಗ. ಮುಂಜಾನಿ."

ಐದು ತಾಸಿನ ಮೇಲಾಗಿತ್ತು.

ಬಾದಾಮಿಗೆ ವಾಪಸ್ ಬಂದು ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರೂ ಮೊದಲು ಕೇಳಿದ್ದು ಆ ರೊಟ್ಟಿ ಮಾರುವವಳ ಪ್ರಶ್ನೆಯನ್ನೇ. ಎಷ್ಟು ನೀರು ಕುಡಿದಿರಿ ಅಂತ ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರಂತೆ. ಮೂತ್ರಕ್ಕೆ ಯಾವಾಗ ಹೋಗಿದ್ದು, ಯಾವ ಬಣ್ಣ ಇತ್ತು ಅಂತ ಕೇಳಿದರೆ ನಿಜ ಹೊರಬೀಳುತ್ತದಂತೆ. ಗುಳಿಗೆಯ ಚೀಟಿ ನೋಡಿದರು. ಅವ್ವನ ಬಿಪಿ ಗುಳಿಗೆ ಮೈಯ ನೀರನ್ನು ಮೂತ್ರದಲ್ಲಿ ಹೊರಹಾಕುವ ಜಾತಿಯದು. ವಯಸ್ಸಾದಂತೆ ಬಾಯಾರಿಕೆಯೂ ಮಂದವಾಗುತ್ತದೆ. ಇಂಥವರಿಗೆ ಬೇಸಿಗೆ ಬೇಗ ತಟ್ಟುತ್ತದೆ. ಹಾಗಂತ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಬೇಸಿಗೆ ಶುರುವಾಗುವ ಮುಂಚೆ ನಿಮ್ಮ ಡಾಕ್ಟರನ್ನು ಕೇಳಿ ಅಂದರು. ಈಗ ಪ್ರತಿ ಮಾರ್ಚಿಯಲ್ಲಿ ಕೇಳುತ್ತೇವೆ.

ಅವರು ಹೇಳಿದ ಇನ್ನೊಂದು ಮಾತು ರಾತ್ರಿಯೆಲ್ಲ ತಲೆಯಲ್ಲಿತ್ತು. ಅವ್ವನಿಗೆ ಆದದ್ದು ಬಿಸಿಲಿನ ಬಳಲಿಕೆ, ಬದುಕಿಕೊಂಡಿರಿ. ಇದರ ಮುಂದಿನ ಮೆಟ್ಟಿಲು ಹೀಟ್ ಸ್ಟ್ರೋಕ್. ಮೈ ಬಿಸಿ 40 ಡಿಗ್ರಿ ದಾಟುತ್ತದೆ, ಮಾತು ಅಡ್ಡಾದಿಡ್ಡಿಯಾಗುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ, ಫಿಟ್ಸ್ ಬರಬಹುದು. ಆಗ 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಸುಮ್ಮನೆ ಕಾಯಬಾರದು. ಮೈಮೇಲೆ ನೀರು ಸುರಿಯುತ್ತಾ ಗಾಳಿ ಹಾಕುತ್ತಲೇ ಇರಬೇಕು. ಮಂಜುಗಡ್ಡೆ ಸಿಕ್ಕರೆ ಬಟ್ಟೆಯಲ್ಲಿ ಸುತ್ತಿ ಕಂಕುಳು, ಕುತ್ತಿಗೆ, ತೊಡೆಸಂದಿಗೆ ಇಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಕೊಟ್ಟರೂ ಉಪಯೋಗವಿಲ್ಲ, ಯಾಕೆಂದರೆ ಇದು ಜ್ವರ ಅಲ್ಲ.

ವಾಪಸ್ ಬರುವಾಗ ಗಾಡಿಯಲ್ಲಿ ಬೈಗುಳ ಶುರುವಾಯಿತು. ಶುರು ಮಾಡಿದವನು ನಾನೇ. ಹನ್ನೆರಡು ಲೀಟರ್ ನೀರು ಹೊತ್ತು ತಂದೀನಿ, ಕುಡಿಯೋಕೆ ಏನಾಗಿತ್ತು ಅಂತ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹೆಂಡತಿ ಹೇಳಿದಳು, "ನಿಮಗೇನ್ರಿ, ಗಿಡದ ಮರಿಗೆ ನಿಂತ್ರ ಮುಗೀತು. ನಾವ್ ಕುಡದ್ರ ಎಲ್ಲಿ ಹೋಗೂದು?" ತಂಗಿಯೂ ಬೆಳಗಿನಿಂದ ಅರ್ಧ ಬಾಟಲಿ ಕುಡಿದಿದ್ದಳು ಅಷ್ಟೆ. ಅವ್ವ ಅಂತೂ ಆ ಬಂಕಿನ ಬೀಗ ನೋಡಿದ ಮೇಲೆ ತುಟಿ ಮಾತ್ರ ಒದ್ದೆ ಮಾಡಿಕೊಂಡಿದ್ದಳು. ಹಿಂದಿನ ಸೀಟಿನಿಂದ ಹನ್ನೆರಡು ವರ್ಷದ ನನ್ನ ಮಗಳು, "ಪಪ್ಪಾ, ನಾನೂ ಕಮ್ಮಿನ ಕುಡದೀನಿ" ಅಂದಳು. ಜಾಣತನದ ಕೆಲಸ ಮಾಡಿದವಳ ದನಿಯಲ್ಲಿ.

ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ಕಲಿತಿದ್ದಳು. ನಾನು ರಸ್ತೆಯನ್ನೇ ನೋಡುತ್ತಾ ಗಾಡಿ ಓಡಿಸಿದೆ.

ಅಂದಿನಿಂದ ನಮ್ಮ ಪ್ರವಾಸದ ಯೋಜನೆ ಶೌಚಾಲಯದಿಂದ ಶುರುವಾಗುತ್ತದೆ. ನಗಬೇಡಿ. ಮೊದಲು ಅದು, ಆಮೇಲೆ ಗುಡಿ. ಯಾವ ಹೋಟೆಲಿನದು ಸ್ವಚ್ಛ, ಯಾವ ಬಂಕಿನಲ್ಲಿ ಕೀಲಿ ಸಿಗುತ್ತದೆ ಅಂತ ಹೆಂಡತಿ ಒಂದು ಪಟ್ಟಿ ಮಾಡಿಟ್ಟಿದ್ದಾಳೆ. ಚಹಾ ಬೇಡವಾದರೂ ಕುಡಿಯುತ್ತೇವೆ, ಒಳಗೆ ಹೋಗಲು ಬಿಡುತ್ತಾರಲ್ಲ ಅಂತ. ಎರಡು ತಾಸಿಗೊಮ್ಮೆ ನಿಲ್ಲಿಸುತ್ತೇವೆ, ಯಾರೂ ಕೇಳದಿದ್ದರೂ. "ನೀರು ಬೇಕಾ" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ. ನಮ್ಮ ಕಡೆ ಹಾಗೆ ಕೇಳಿದರೆ ಉತ್ತರ "ಬ್ಯಾಡ" ಅಂತಲೇ ಬರುತ್ತದೆ. ಲೋಟ ತುಂಬಿ ಕೈಗೆ ಕೊಟ್ಟು ಎದುರಿಗೆ ನಿಲ್ಲುವುದು.

ಚೀಲದಲ್ಲಿ ಓಆರ್‌ಎಸ್ ಇರುತ್ತದೆ. ಇದರಲ್ಲೂ ಒಂದು ಪೆದ್ದುತನ ಮಾಡಿದ್ದೆವು. ಅವತ್ತು ದೊಡ್ಡ ಪ್ಯಾಕೆಟ್ಟನ್ನು ತಂಗಿ ಒಂದು ಲೋಟಕ್ಕೆ ಅರ್ಧ ಸುರಿದು ಕಲಸಿದ್ದಳು. ಒಂದು ಲೀಟರಿನ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೇ ಹಾಕಬೇಕು. 200 ಮಿಲಿಲೀಟರಿನ ಸಣ್ಣ ಪ್ಯಾಕೆಟ್ಟೂ ಬರುತ್ತದೆ, ಮೇಲೆ ಬರೆದಿರುತ್ತದೆ. ಸಕ್ಕರೆ ಮತ್ತು ಉಪ್ಪು ಸರಿಯಾದ ಅಳತೆಯಲ್ಲಿ ಜೊತೆಗಿದ್ದರೆ ಮಾತ್ರ ಕರುಳು ಅವೆರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳುತ್ತದೆ, ಬೆನ್ನಿಗೇ ನೀರೂ ಹೋಗುತ್ತದೆ. ಗಟ್ಟಿಯಾದರೆ ಉಲ್ಟಾ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಮೇಲೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಉಪ್ಪು. ಅಂಗಡಿಯಲ್ಲಿ ಬಣ್ಣಬಣ್ಣದ ಡಬ್ಬಿಗಳಲ್ಲಿ ಓಆರ್‌ಎಸ್ ಅಂತ ಹೆಸರು ಹಾಕಿ ಬರೀ ಸಿಹಿನೀರು ಮಾರುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರು ಬಳಸುವುದನ್ನು ನಿಲ್ಲಿಸಿತು. ಹಾಗಿದ್ದರೂ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯೇ ನೋಡಿ. ದಿನನಿತ್ಯಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಸಾಕು. ಅಂದಹಾಗೆ ನಮ್ಮ ಅಜ್ಜ ಬಿಸಿಲಿಗೆ ಹೋಗುವಾಗ ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಿದ್ದ. ಜೇಬಿನಲ್ಲಿದ್ದ ಉಳ್ಳಾಗಡ್ಡಿ ಏನೂ ಮಾಡುವುದಿಲ್ಲ. ಆದರೆ ಅಜ್ಜ ತಲೆಗೆ ಒದ್ದೆ ವಸ್ತ್ರವನ್ನೂ ಸುತ್ತಿಕೊಳ್ಳುತ್ತಿದ್ದ, ಹನ್ನೊಂದಕ್ಕೆ ಹೊಲದಿಂದ ವಾಪಸ್ ಬರುತ್ತಿದ್ದ. ಹೆಸರು ಬಂದದ್ದು ಮಾತ್ರ ಉಳ್ಳಾಗಡ್ಡಿಗೆ.

ಗಾಡಿಯ ಬಗ್ಗೆ ಒಂದೇ ಮಾತು. ಮಗು ನಿದ್ದೆ ಹೋಗಿದೆ, ಎಬ್ಬಿಸುವುದು ಬೇಡ, ಐದು ನಿಮಿಷದಲ್ಲಿ ಬಂದುಬಿಡೋಣ ಅನ್ನಿಸುತ್ತದಲ್ಲ, ಎಬ್ಬಿಸಿ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಏರುತ್ತದೆ. ಕಿಟಕಿಯ ಕಾಜು ಸ್ವಲ್ಪ ಇಳಿಸಿಟ್ಟರೂ ಉಪಯೋಗವಿಲ್ಲ.

ಅವ್ವ ಸುಧಾರಿಸಿಕೊಂಡ ಮೇಲೆ, ಅದೇ ರಜೆಯಲ್ಲಿ ಕಾಕಾನ ಹೊಲಕ್ಕೆ ಹೋಗಿದ್ದೆವು. ಸಂಜೆ ಹೊತ್ತು, ಬಿಸಿಲು ಇಳಿದಿತ್ತು. ಅಲ್ಲಿ ಕೃಷಿ ಹೊಂಡ ಇದೆ, ಮಳೆನೀರು ಹಿಡಿಯಲು ತೋಡಿ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದಮೇಲೆ ನಮ್ಮ ಕಡೆ ಇಂಥ ಹೊಂಡ ಬಹಳ ಆದವು. ಬೆಂಗಳೂರಿನಲ್ಲಿ ಈಜು ತರಗತಿಗೆ ಹೋಗುವ ಅಳಿಯ ನೀಲಿ ನೀರು ಕಂಡವನೇ ಅಂಗಿ ಬಿಚ್ಚಿದ. ಕಾಕಾ ರಟ್ಟೆ ಹಿಡಿದು ನಿಲ್ಲಿಸಿದರು. ಬೈಯಲಿಲ್ಲ. ದಂಡೆಯ ಗೂಟಕ್ಕೆ ಕಟ್ಟಿದ್ದ ಹಗ್ಗ ಕೈಯಲ್ಲಿ ಹಿಡಿದು, ತಾವೇ ಒಂದು ಕಾಲನ್ನು ಒದ್ದೆ ಪ್ಲಾಸ್ಟಿಕ್ಕಿನ ಮೇಲಿಟ್ಟು ತೋರಿಸಿದರು. ಸರ್ರನೆ ಜಾರಿ ಸೊಂಟದವರೆಗೆ ಹೋದರು. ಹಗ್ಗ ಇಲ್ಲದಿದ್ದರೆ ಅಷ್ಟು ಗಟ್ಟಿ ಆಳು ಕೂಡ ಮೇಲೆ ಬರಲು ಆಗುತ್ತಿರಲಿಲ್ಲ. "ಈ ಹಾಳಿ ಮ್ಯಾಲ ಕಪ್ಪಿ ಸುದ್ದಾ ಹತ್ತಂಗಿಲ್ಲ ತಮ್ಮಾ" ಅಂದರು.

ನಾನು ಈಸು ಕಲಿತದ್ದು ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಆ ಬಾವಿಗೆ ಮೆಟ್ಟಿಲಿತ್ತು, ಮೆಟ್ಟಿಲ ಮೇಲೆ ಯಾವಾಗಲೂ ಬಟ್ಟೆ ಒಗೆಯುವವರು ಇರುತ್ತಿದ್ದರು. ಹೊಂಡದಲ್ಲಿ ಎರಡೂ ಇಲ್ಲ. ಈಜು ಬರುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ, ಹತ್ತಿ ಬರಲು ಬರುತ್ತದೆಯೇ ಅನ್ನುವುದು ಲೆಕ್ಕ. ಒಬ್ಬ ಹುಡುಗ ಜಾರಿದರೆ ಎಳೆಯಲು ಇನ್ನೊಬ್ಬ ಇಳಿಯುತ್ತಾನೆ, ಇಬ್ಬರೂ ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವಲ್ಲ. ಇಳಿಯದೆ ಹಗ್ಗ, ಸೀರೆ, ಕೋಲು ಏನಾದರೂ ಎಸೆಯಬೇಕು. ಕಾಕಾ ಈಗ ಗಂಟು ಹಾಕಿದ ಹಗ್ಗವನ್ನು ನಾಲ್ಕೂ ಕಡೆ ಇಳಿಬಿಟ್ಟಿದ್ದಾರೆ, ಹಳೆಯ ಟ್ರ್ಯಾಕ್ಟರ್ ಟ್ಯೂಬು ಒಂದನ್ನು ತೇಲಿಬಿಟ್ಟಿದ್ದಾರೆ.

ಮುಳುಗುವವರು ಕೂಗಿಕೊಳ್ಳುತ್ತಾರೆ ಅಂತ ನಾನು ತಿಳಿದಿದ್ದೆ. ಸಿನಿಮಾದಲ್ಲಿ ಹಾಗೇ ತೋರಿಸುತ್ತಾರೆ. ಉಸಿರು ಎಳೆದುಕೊಳ್ಳಲೇ ಬಾಯಿ ಸಾಲದವನು ಕೂಗುವುದು ಎಲ್ಲಿಂದ? ಬಾಯಿ ನೀರಿನ ಮಟ್ಟಕ್ಕೆ ಇರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಸದ್ದಿಲ್ಲದೆ ಮುಗಿದುಹೋಗುತ್ತದೆ. ಈಗ ಆಲಮಟ್ಟಿ ಹಿನ್ನೀರಿಗೆ ಹೋಗಲಿ, ಮಹಾಕೂಟದ ಪುಷ್ಕರಣಿಗೆ ಹೋಗಲಿ, ಮಕ್ಕಳು ನೀರಿನಲ್ಲಿ ಇರುವಷ್ಟು ಹೊತ್ತು ದೊಡ್ಡವರಲ್ಲಿ ಒಬ್ಬರಿಗೆ ಅದೊಂದೇ ಕೆಲಸ. ಫೋನು ಇನ್ನೊಬ್ಬರ ಕೈಗೆ. ಗದ್ದಲ ಮಾಡುತ್ತಿರುವವರ ಕಡೆ ನೋಡುವುದಿಲ್ಲ. ಸುಮ್ಮನಾದವರ ಕಡೆ ನೋಡುತ್ತೇವೆ.

ಅದೇ ಸಂಜೆ ಪಶ್ಚಿಮಕ್ಕೆ ಮೋಡ ಏರಿತು. ಮೇ ತಿಂಗಳ ಗಾಳಿಮಳೆ, ನಿಮಗೆ ಗೊತ್ತಲ್ಲ, ಅರ್ಧ ತಾಸಿನಲ್ಲಿ ಬಂದು ಹೋಗುತ್ತದೆ. ಮಕ್ಕಳು ಹುಣಸೆ ಗಿಡದ ಕೆಳಗೆ ಓಡಿದರು. ಕಾಕಾ ಎಲ್ಲರನ್ನೂ ಅಲ್ಲಿಂದ ಎಬ್ಬಿಸಿ ಗಾಡಿಯೊಳಗೆ ತುಂಬಿ ಕಾಜು ಏರಿಸಿದರು. ಗುಡುಗು ಕೇಳಿಸಿತು ಅಂದರೆ ಸಿಡಿಲು ನಿಮ್ಮ ತನಕ ಬರುವಷ್ಟು ಹತ್ತಿರ ಇದೆ ಅಂತಲೇ ಅರ್ಥ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾದು ಇಳಿದೆವು. ಬಿಸಿಲಿಗೆ ಗಿಡದ ಕೆಳಗೆ, ಸಿಡಿಲಿಗೆ ಗಿಡದಿಂದ ದೂರ. ಮಕ್ಕಳಿಗೆ ಇದು ಗೊಂದಲವೇ.

ಈ ವರ್ಷ ಮತ್ತೆ ಬಾದಾಮಿಗೆ ಹೋದೆವು. ಬನಶಂಕರಿಗೆ ಅವ್ವನ ಹರಕೆ ಬಾಕಿ ಇತ್ತು. ನಾಲ್ಕೂ ಮುಕ್ಕಾಲಿಗೆ ಹೊರಟೆವು, ದೇವರಾಣೆಗೂ. ಹೊರಡುವ ಮುಂಚೆ ಅವ್ವ ಅಂಗಳದಲ್ಲಿ ನಿಂತು ಎಲ್ಲರಿಗೂ ಕಾಣುವ ಹಾಗೆ ಒಂದು ತಂಬಿಗೆ ನೀರು ಕುಡಿದಳು. "ನಿಲ್ಲಸಂದಲ್ಲಿ ನಿಲ್ಲಸ್ಬೇಕ ನೋಡು" ಅಂತ ನನಗೆ ತಾಕೀತು. ಒಂಬತ್ತಕ್ಕೆಲ್ಲ ದರ್ಶನ ಮುಗಿದು, ಹೊಂಡದ ದಂಡೆಯಲ್ಲಿ ರೊಟ್ಟಿ ಮೊಸರು ತಿಂದು, ಹತ್ತರ ಹೊತ್ತಿಗೆ ಗಾಡಿ ಊರ ಕಡೆ ತಿರುಗಿತ್ತು.

ಕೆರೂರು ದಾಟುತ್ತಿದ್ದ ಹಾಗೆ ಹಿಂದಿನಿಂದ ಮಗಳು ನನ್ನ ಹೆಗಲು ಬಡಿದಳು.

"ಪಪ್ಪಾ, ಗಾಡಿ ನಿಲ್ಸು. ಆಯಿ ಸುಮ್ಮನಾಗ್ಯಾಳ."

ಬದಿಗೆ ತಗೊಂಡು ನಿಲ್ಲಿಸಿ ಹಿಂದಿರುಗಿ ನೋಡಿದೆ. ಮಗಳು ಅವ್ವನ ಭುಜ ಅಲುಗಿಸುತ್ತಿದ್ದಳು. ಅವ್ವ ಕಣ್ಣು ಬಿಟ್ಟು ಸುತ್ತ ನೋಡಿ, "ಸ್ವಲ್ಪರ ನಿದ್ದಿ ಮಾಡಾಕ ಬಿಡ್ರೆವಾ" ಅಂತ ಮಗ್ಗುಲಾದಳು. ಒಂದು ನಿಮಿಷ ಬಿಟ್ಟು, ಕಣ್ಣು ಮುಚ್ಚಿಕೊಂಡೇ ಕೈ ಮುಂದೆ ಚಾಚಿದಳು.

"ಎಬ್ಬಿಸೀರಲ್ಲ, ಈಗ ನೀರ್ ಕೊಡ್ರಿ."